ಓದುಗರಿಲ್ಲದ ಆದಿಕವಿ

ಇವಾನ್ ಕುರಾತೋವ್ ಕೋಮಿ ಭಾಷೆಯ ಆದಿಕವಿ. ರಷ್ಯಾದ ಉತ್ತರದ ಕಾಡುಸೀಮೆಯಲ್ಲಿ ಅವನು ಹುಟ್ಟಿದ ಕೆಬ್ರಾ ಹಳ್ಳಿಗೆ ಈಗ ಅವನದೇ ಹೆಸರು. ಇಷ್ಟಾದರೂ ಬದುಕಿದ್ದಾಗ ಅವನಿಗೆ ಓದುಗರೆಂಬವರು ಇದ್ದರೆಂದು ಹೇಳುವುದು ಕಷ್ಟ. 1860ರ ದಶಕದ ನಡುವೆ ವೊಲೊಗ್ದಾ ಪ್ರಾಂತದ ಸರ್ಕಾರಿ ಪತ್ರಿಕೆಯಲ್ಲಿ ಅಚ್ಚಾದದ್ದು ಐದೇ ಪದ್ಯ. ಅವೂ ಜನಪದ ಹಾಡು, ಅನುವಾದ ಎಂಬ ವೇಷ ತೊಟ್ಟು. 1875ರಲ್ಲಿ, 36ರ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ಹಸ್ತಪ್ರತಿಗಳ ಕಟ್ಟು ಬೆಳಕು ಕಂಡದ್ದು 1920ರ ದಶಕದಲ್ಲಿ.

ಹೀಗಾಗಿ ಮೊದಲಿಗನೆಂಬ ಬಿರುದು ಅವನ ಕಾವ್ಯದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಅವನ ದಿಟ್ಟತನ ಇರುವುದು ಅನುವಾದಗಳಲ್ಲಿ. 14ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪ್ರಚಾರಕ ಪೆರ್ಮ್‌ನ ಸ್ಟೀಫನ್ ಕೋಮಿಗೆ ಲಿಪಿ ಕಟ್ಟಿಕೊಟ್ಟದ್ದು ಪ್ರಾರ್ಥನೆಗೆಂದು. ಕುರಾತೋವ್‌ನೂ ಚರ್ಚಿನ ಸೇವಕನೊಬ್ಬನ ಮಗನೇ, ವೊಲೊಗ್ದಾದ ಸೆಮಿನರಿಯಲ್ಲಿ ಓದಿದವನೇ. ಆದರೆ ಅವನು ಕೋಮಿಗೆ ತಂದದ್ದು ಹೊರೇಸ್, ಬರ್ನ್ಸ್, ಹೈನೆ, ಪುಷ್ಕಿನ್, ಕ್ರಿಲೋವ್‌ರನ್ನು. ಹಳ್ಳಿಗರ ಮಾತೆಂದು ಓದಿದವರು ಮೂಗು ಮುರಿಯುತ್ತಿದ್ದ ಭಾಷೆಯನ್ನು ರೋಮನ್ ಕವಿ ಹೊರೇಸನೆದುರು ಕೂರಿಸಿ ಅದರ ತಾಕತ್ತನ್ನು ಒರೆಗೆ ಹಚ್ಚಿದ. ಜೊತೆಗೆ ವ್ಯಾಕರಣವನ್ನೂ ಬರೆಯತೊಡಗಿದ. ಕವಿತೆಗೆ ಬೇಕಾದ ನೆಲವನ್ನು ಕವಿಯೇ ಹದ ಮಾಡಿಕೊಳ್ಳಬೇಕಾದ ಸ್ಥಿತಿ ಅದು.

ಸ್ವಂತ ಪದ್ಯಗಳಲ್ಲಿ ಮುದುಕಿಯರು, ಕುರುಡರು, ಬಡವರು ಬರುತ್ತಾರೆ. ಸೋವಿಯತ್ ವಿಮರ್ಶಕರಿಗೆ ಇಷ್ಟು ಸಾಕಾಯಿತು; ಅವನನ್ನು ‘ಕ್ರಾಂತಿಕಾರಿ ಪ್ರಜಾಸತ್ತಾವಾದಿ’ ಎಂದು ಕರೆದು ಪಠ್ಯಪುಸ್ತಕದೊಳಗೆ ಕೂರಿಸಿದರು. ಹಣೆಪಟ್ಟಿ ಪೂರ್ತಿ ಸುಳ್ಳಲ್ಲ, ಆದರೆ ಅನುಕೂಲದ್ದು. ಬಡತನದ ಕವಿತೆಗಳನ್ನು ಎತ್ತಿ ಹಿಡಿದ ಭರದಲ್ಲಿ ಹೊರೇಸನನ್ನು ಓದಿದ ವಿದ್ವಾಂಸ ಹಿಂದೆ ಸರಿದ.

ಆ ಹಣೆಪಟ್ಟಿಗೆ ಒಗ್ಗದ ಇನ್ನೊಂದು ಸಂಗತಿಯಿದೆ. ಉಸ್ತ್-ಸಿಸೋಲ್ಸ್ಕ್‌ನಲ್ಲಿ (ಇಂದಿನ ಸಿಕ್ತಿವ್ಕಾರ್) ನಾಲ್ಕಾರು ವರ್ಷ ಮೇಷ್ಟ್ರಾಗಿದ್ದವನು ಕಜಾನ್‌ಗೆ ಹೋಗಿ ಸೇನಾ ನ್ಯಾಯದ ತರಬೇತಿ ಪಡೆದ. ಕೊನೆಯ ವರ್ಷಗಳನ್ನು ಸೆಮಿಪಲಾತಿನ್ಸ್ಕ್, ವೆರ್ನಿಗಳಲ್ಲಿ ಕಳೆದ. ವೆರ್ನಿ, ಅಂದರೆ ಇಂದಿನ ಅಲ್ಮಾಟಿ, ತ್ಸಾರನ ಸಾಮ್ರಾಜ್ಯ ಮಧ್ಯ ಏಷ್ಯಾಕ್ಕೆ ಹಬ್ಬುತ್ತಿದ್ದಾಗ ಕಟ್ಟಿದ ಕೋಟೆಯೂರು. ತನ್ನ ಸಣ್ಣ ನುಡಿಯ ಘನತೆಗಾಗಿ ಹಗಲಿರುಳು ಹೆಣಗಿದವನು ಬೇರೆ ಜನರ ನೆಲವನ್ನು ಆಕ್ರಮಿಸಿದ ಸೇನೆಯಿಂದ ಸಂಬಳ ಪಡೆಯುತ್ತಿದ್ದ. ಜೀವನಚರಿತ್ರೆಗಳು ಇದನ್ನು ಬಡತನ, ವರ್ಗಾವಣೆ, ಕಾಯಿಲೆ ಎಂದು ದಾಟಿಬಿಡುತ್ತವೆ. ಅಲ್ಲಿಯೂ ಅವನು ಕೋಮಿಯಲ್ಲೇ ಬರೆಯುತ್ತಿದ್ದ. ಆ ವರ್ಷಗಳ ಕವಿತೆಗಳನ್ನು ಬರೀ ತವರಿನ ಹಂಬಲವೆಂದು ಓದಿದರೆ ಸಾಲದು. ಅವನ್ನು ಬರೆದವನು ತೊಟ್ಟಿದ್ದ ಸಮವಸ್ತ್ರವನ್ನೂ ಗಮನಿಸಿ ಓದಬೇಕು.