ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್: ರಸಿಕರಿಗೊಂದು ಕೈಪಿಡಿ

ಧಾರವಾಡ, ಗದಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಈ ಕಾಲೇಜುಗಳ ಪುರುಷರ ಮತ್ತು ಮಹಿಳೆಯರ ತಂಡಗಳು ಸೆಣಸುವ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಎರಡು ಉದ್ದೇಶಗಳಿವೆ. ಒಂದು, ಪ್ರಶಸ್ತಿ ನಿರ್ಧಾರ. ಇನ್ನೊಂದು, ವಿಶ್ವವಿದ್ಯಾಲಯ ತಂಡದ ಆಯ್ಕೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಟೂರ್ನಿ ಬೇರೆ ಇದೆ. ಋತುವಿನ ಆರಂಭದ ಪಂದ್ಯಗಳಲ್ಲಿ ಪಳಗಿದ ತಂಡಗಳು ಕಾಣುವುದು ಕಡಿಮೆ. ಐದು ಜನ ಆಟಗಾರರು ಒಂದು ತಂಡವಾಗುವ ಬಗೆ ಮಾತ್ರ ಕಣ್ಣೆದುರೇ ತೆರೆದುಕೊಳ್ಳುತ್ತದೆ. ಈ ಟೂರ್ನಿಯ ರಸವಿರುವುದು ಅಲ್ಲಿಯೇ.

ಆಟದ ಹುಟ್ಟು

ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿಗಳಿಗೆಂದೇ ರೂಪುಗೊಂಡ ಆಟ. ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದನ್ನು ದೈಹಿಕ ಶಿಕ್ಷಣದ ಅಧ್ಯಾಪಕ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೂಪಿಸಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಅದನ್ನು ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಕಲಿಸಿದರು. ಒಲಿಂಪಿಕ್ಸ್‌ನಲ್ಲಿ ಪುರುಷರ ವಿಭಾಗ 1936ರಲ್ಲಿ ಸೇರಿದರೆ, ಮಹಿಳೆಯರ ವಿಭಾಗ 1976ರವರೆಗೆ ಕಾಯಬೇಕಾಯಿತು. ಕಾಲೇಜಿನ ಅಂಗಣದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ಬೆಳೆದವು.

ಅಂಗಣ ಮತ್ತು ಅಂಕ

ಅಂಗಣದ ಉದ್ದ 28 ಮೀಟರ್, ಅಗಲ 15 ಮೀಟರ್. ನೆಲದಿಂದ 3.05 ಮೀಟರ್ ಎತ್ತರದಲ್ಲಿ ರಿಂಗ್ ಇರುತ್ತದೆ. ರಿಂಗಿನಿಂದ 6.75 ಮೀಟರ್ ದೂರದಲ್ಲಿ ಎಳೆದ ಕಮಾನಿನ ಹೊರಗಿನಿಂದ ಚೆಂಡು ಹಾಕಿದರೆ ಮೂರು ಅಂಕ, ಒಳಗಿನಿಂದ ಎರಡು, ಫ್ರೀ ಥ್ರೋಗೆ ಒಂದು. ಮೂಲೆಗಳಲ್ಲಿ ಈ ಗೆರೆ ಅಂಚಿಗೆ ಸಮಾನಾಂತರವಾಗಿ ಸಾಗುವುದರಿಂದ ದೂರ 6.60 ಮೀಟರಿಗೆ ಇಳಿಯುತ್ತದೆ. ಮೂಲೆಯಲ್ಲಿ ಒಬ್ಬ ಆಟಗಾರ ಸುಮ್ಮನೆ ನಿಂತಂತೆ ಕಂಡರೂ ಆತ ಎದುರಾಳಿಯೊಬ್ಬನನ್ನು ರಿಂಗಿನಿಂದ ದೂರ ಎಳೆದಿಟ್ಟುಕೊಂಡಿರುತ್ತಾನೆ ಎಂಬುದನ್ನು ಗಮನಿಸಬೇಕು.

ಗಡಿಯಾರ

ಪಂದ್ಯಕ್ಕೆ 10 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು. ಅಂಕ ಸಮವಾದರೆ ಐದು ನಿಮಿಷಗಳ ಹೆಚ್ಚುವರಿ ಅವಧಿ. ಕಬಡ್ಡಿಯ ದಾಳಿಗೆ 30 ಸೆಕೆಂಡ್‌ಗಳ ಮಿತಿ ಇರುವಂತೆ, ಇಲ್ಲಿ ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು. ಅದರಲ್ಲಿ ಮೊದಲ 8 ಸೆಕೆಂಡಿನೊಳಗೆ ಅರ್ಧಗೆರೆ ದಾಟಬೇಕು. ಹೊಸ ತಂಡದ ಅನುಭವ ಅಳೆಯಲು ಈ ಗಡಿಯಾರ ಸಾಕು. ಹತ್ತು ಸೆಕೆಂಡ್ ಉಳಿದಿರುವಾಗಲೇ ಗಾಬರಿಯಿಂದ ಎಸೆಯುವ ತಂಡ ಇನ್ನೂ ಕಲಿಯುತ್ತಿದೆ. ಅಷ್ಟೇ ಹೊತ್ತಿನಲ್ಲಿ ಮತ್ತೆರಡು ಪಾಸ್ ಮಾಡಿ ತೆರವಾಗಿರುವ ಆಟಗಾರನನ್ನು ಹುಡುಕುವ ತಂಡ ಚೆನ್ನಾಗಿ ಅಭ್ಯಾಸ ಮಾಡಿ ಬಂದಿದೆ.

ಫೌಲ್ ಮತ್ತು ರೆಫ್ರಿಯ ಕೈಸನ್ನೆ

ಶಿಳ್ಳೆ ಊದಿ ಮುಷ್ಟಿ ಎತ್ತಿದರೆ ಫೌಲ್. ಬಿಚ್ಚಿದ ಅಂಗೈ ಎತ್ತಿದರೆ ಚೆಂಡು ಪುಟಿಸದೆ ಹೆಜ್ಜೆ ಹಾಕುವ ಟ್ರಾವೆಲಿಂಗ್, ಪುಟಿಸುವುದು ನಿಲ್ಲಿಸಿ ಮತ್ತೆ ಪುಟಿಸುವ ಡಬಲ್ ಡ್ರಿಬಲ್‌ನಂಥ ನಿಯಮಭಂಗ. ಒಬ್ಬ ಆಟಗಾರ ಐದು ಫೌಲ್ ಮಾಡಿದರೆ ಪಂದ್ಯದಿಂದ ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್‌ಗಳು ನಾಲ್ಕು ಆದ ಮೇಲೆ, ಮುಂದಿನ ಪ್ರತಿ ರಕ್ಷಣಾ ಫೌಲ್‌ಗೂ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತವೆ. ಮುಖ್ಯ ಆಟಗಾರನಿಗೆ ವಿರಾಮಕ್ಕೆ ಮೊದಲೇ ಮೂರು ಫೌಲ್ ಆದಾಗ ಕೋಚ್ ಆತನನ್ನು ಬೆಂಚಿಗೆ ಕರೆಯುವುದು ಶಿಕ್ಷೆಯಲ್ಲ, ಕೊನೆಯ ಕ್ವಾರ್ಟರ್‌ಗೆ ಉಳಿಸಿಕೊಳ್ಳುವ ಉಪಾಯ. ಹೀಗಾಗಿ ಅಂಕಗಳ ಜೊತೆಗೆ ಫೌಲ್‌ಗಳ ಲೆಕ್ಕವನ್ನೂ ಇಟ್ಟುಕೊಂಡ ಪ್ರೇಕ್ಷಕನಿಗೆ ಪಂದ್ಯದ ತಿರುವು ಮೊದಲೇ ಹೊಳೆಯುತ್ತದೆ.

ಚೆಂಡಿಲ್ಲದವರ ಆಟ

ಹೊಸ ಪ್ರೇಕ್ಷಕರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಒಂದು ತಂಡದಲ್ಲಿ ಒಂದು ಹೊತ್ತಿಗೆ ಚೆಂಡು ಇರುವುದು ಒಬ್ಬರ ಕೈಯಲ್ಲಿ. ಉಳಿದ ನಾಲ್ವರು ಏನು ಮಾಡುತ್ತಾರೆ ಎಂಬುದರ ಮೇಲೆಯೇ ದಾಳಿ ನಿಂತಿದೆ. ಒಬ್ಬ ಆಟಗಾರ ಎದುರಾಳಿಯ ದಾರಿಗೆ ಅಡ್ಡ ನಿಂತು ಜೊತೆಗಾರನಿಗೆ ಜಾಗ ಮಾಡಿಕೊಡುವುದು ಸ್ಕ್ರೀನ್. ಪಾಸ್ ಕೊಟ್ಟ ಮರುಕ್ಷಣವೇ ರಿಂಗಿನತ್ತ ನುಗ್ಗುವುದು ಕಟ್. ಇವೆರಡನ್ನು ಗುರುತಿಸಲು ಕಲಿತರೆ, ರಿಂಗಿನ ಬಳಿಗೆ ನುಗ್ಗಿ ಲೇ-ಅಪ್ ಹಾಕಿದವನಿಗೆ ಬೀಳುವ ಚಪ್ಪಾಳೆಯಲ್ಲಿ ಸ್ಕ್ರೀನ್ ಕೊಟ್ಟವನ ಪಾಲೂ ಇದೆ ಎಂಬುದು ತಿಳಿಯುತ್ತದೆ.

ರಕ್ಷಣೆಯಲ್ಲಿ ಎರಡು ಮುಖ್ಯ ಬಗೆಗಳಿವೆ. ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುವುದು ಮ್ಯಾನ್ ಟು ಮ್ಯಾನ್. ಜಾಗ ಹಂಚಿಕೊಂಡು ಕಾಯುವುದು ಝೋನ್. ಅಭ್ಯಾಸ ಕಡಿಮೆಯಾದ ತಂಡಗಳು ಝೋನ್ ಆಶ್ರಯಿಸುವುದುಂಟು. ಆಗ ದೂರದ ಎಸೆತ ಬಲ್ಲ ಎದುರಾಳಿಯೊಬ್ಬನಿದ್ದರೆ ಝೋನ್ ಒಡೆಯುತ್ತದೆ. ಎಸೆತ ತಪ್ಪಿದಾಗ ಜಿಗಿಯುವ ಮೊದಲೇ ಎದುರಾಳಿಯನ್ನು ಬೆನ್ನಿಂದ ತಡೆದು ಜಾಗ ಹಿಡಿಯುವುದು ಬಾಕ್ಸ್ ಔಟ್. ತಪ್ಪಿ ಮರಳುವ ಚೆಂಡು, ಅಂದರೆ ರೀಬೌಂಡ್, ಸಿಗುವುದು ಎತ್ತರದಿಂದ ಮಾತ್ರವಲ್ಲ, ಈ ಜಾಣತನದಿಂದ ಕೂಡ.

ಮಹಿಳೆಯರ ಪಂದ್ಯ

ಅಂಗಣ, ರಿಂಗಿನ ಎತ್ತರ, ಸಮಯ ಎಲ್ಲವೂ ಪುರುಷರ ಪಂದ್ಯದಷ್ಟೇ. ವ್ಯತ್ಯಾಸ ಇರುವುದು ಚೆಂಡಿನಲ್ಲಿ: ಪುರುಷರಿಗೆ 7ನೇ ಅಳತೆಯದು, ಮಹಿಳೆಯರಿಗೆ ತುಸು ಚಿಕ್ಕದಾದ, ಹಗುರವಾದ 6ನೇ ಅಳತೆಯದು. ಮಹಿಳೆಯರ ಪಂದ್ಯವನ್ನು ಪುರುಷರ ಪಂದ್ಯದ ಜಿಗಿತದಿಂದ ಅಳೆದರೆ ಅದರ ಸೊಗಸು ತಪ್ಪಿಹೋಗುತ್ತದೆ. ರಿಂಗಿನ ಮೇಲಿನ ಆಟ ಕಡಿಮೆ ಇರುವಲ್ಲಿ ಪಾಸ್‌ನ ಕೋನ, ಕಾಲಿನ ಚಲನೆ, ಸ್ಕ್ರೀನಿನ ಸಮಯ ಸ್ಪಷ್ಟವಾಗಿ ಕಾಣುತ್ತವೆ. ಆಟ ಕಲಿಯುವ ಪ್ರೇಕ್ಷಕರು ಮೊದಲು ಮಹಿಳೆಯರ ಪಂದ್ಯ ನೋಡುವುದು ಒಳ್ಳೆಯದು.

ಆರಂಭದ ಪಂದ್ಯಗಳಲ್ಲಿ ಗಮನಿಸಬೇಕಾದದ್ದು

ಕಾಲೇಜು ತಂಡ ವರ್ಷವರ್ಷವೂ ಬದಲಾಗುತ್ತದೆ: ಅಂತಿಮ ವರ್ಷದವರು ಹೊರಟಿರುತ್ತಾರೆ, ಪಿಯುಸಿ ಮುಗಿಸಿ ಬಂದವರು ಸೇರಿರುತ್ತಾರೆ. ಕೈತಪ್ಪುವ ಪಾಸ್, ಇಬ್ಬರೂ ಒಂದೇ ಕಡೆ ಓಡುವ ಗೊಂದಲ ಸಹಜ. ನೋಡಬೇಕಾದ್ದು ತಪ್ಪಿನ ನಂತರದ ಗಳಿಗೆ: ಚೆಂಡು ಕಳೆದುಕೊಂಡವರು ಹಿಂದಕ್ಕೆ ಓಡುತ್ತಾರೆಯೇ? ಟೈಮ್ ಔಟ್‌ನಲ್ಲಿ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆಯೇ? ಮೊದಲ ಕ್ವಾರ್ಟರ್‌ನ ತಪ್ಪು ಮೂರನೆಯದರಲ್ಲಿ ತಿದ್ದಿಕೊಂಡಿದೆಯೇ? ಅಂಗಣ ಬಯಲಿನಲ್ಲಿದ್ದರೆ ಧಾರವಾಡದ ಜಿಟಿಜಿಟಿ ಮಳೆಯೂ ಲೆಕ್ಕಕ್ಕೆ ಬರುತ್ತದೆ. ಒದ್ದೆ ಸಿಮೆಂಟಿನಲ್ಲಿ ಕಾಲು ಜಾರುವುದರಿಂದ ನೆಲ ಒಣಗುವತನಕ ಪಂದ್ಯ ನಿಲ್ಲಿಸಬೇಕಾಗುತ್ತದೆ.

ಕೂರುವ ಜಾಗ ಮತ್ತು ಟೂರ್ನಿಯ ಸ್ವರೂಪ

ರಿಂಗಿನ ಹಿಂದೆ ಕೂತರೆ ಎಸೆತ ಕಾಣುತ್ತದೆ. ಅರ್ಧಗೆರೆಯ ನೇರದಲ್ಲಿ ತುಸು ಎತ್ತರಕ್ಕೆ ಕೂತರೆ ಹತ್ತೂ ಜನರ ಚಲನೆ ಕಾಣುತ್ತದೆ. ಫ್ರೀ ಥ್ರೋ ಹಾಕುವವರು ಯಾವ ತಂಡದವರಾದರೂ ಆ ಹೊತ್ತು ಗದ್ದಲ ಮಾಡದಿರುವುದು ಒಳ್ಳೆಯ ಪ್ರೇಕ್ಷಕರ ಲಕ್ಷಣ. ನಾಕೌಟ್ ಹಂತದಲ್ಲಿ ಸೋತ ತಂಡ ಮನೆಗೆ. ಲೀಗ್ ಹಂತದಲ್ಲಿ ಗೆದ್ದವರಿಗೆ ಎರಡು, ಸೋತವರಿಗೂ ಒಂದು ಪಾಯಿಂಟ್ ಇದೆ. ಆಡಲು ಬಾರದವರಿಗೆ ಸೊನ್ನೆ.

ಟೂರ್ನಿಯಲ್ಲಿ ಗಮನ ಸೆಳೆದವರು ಆಯ್ಕೆಯಲ್ಲಿ ಗೆದ್ದರೆ ವಿಶ್ವವಿದ್ಯಾಲಯ ತಂಡಕ್ಕೆ ಸೇರುತ್ತಾರೆ. ಅವರ ಕಾಲೇಜು ಸೋತಿದ್ದರೂ ಆ ಅವಕಾಶ ತಪ್ಪುವುದಿಲ್ಲ. 12 ಜನರ ಆ ತಂಡ ಮುಂದೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಟೂರ್ನಿಯಲ್ಲಿ ಆಡುತ್ತದೆ. ಅಲ್ಲಿ ಮೇಲಿನ ಸ್ಥಾನ ಪಡೆದ ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ.