ಲಿಪಿಕಾರ ಬರೆಯದ ತಾರೀಖು

ಅರ್ಮೇನಿಯದ ಹಳೆಯ ಕ್ಯಾಲೆಂಡರನ್ನು ಕಂಪ್ಯೂಟರಿಗೆ ಕಲಿಸುವುದು ಬಲು ಸುಲಭ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಯಲ್ಲಿ ಐದು ಬಿಡಿ ದಿನ, ಅಷ್ಟೇ. ಅಧಿಕ ವರ್ಷದ ರಗಳೆಯೇ ಇಲ್ಲ. ಎಡ್ವರ್ಡ್ ರೀಂಗೋಲ್ಡ್ ಮತ್ತು ನಾಹುಮ್ ಡರ್ಶೋವಿಟ್ಸ್ ‘ಕ್ಯಾಲೆಂಡ್ರಿಕಲ್ ಕ್ಯಾಲ್ಕ್ಯುಲೇಶನ್ಸ್’ ಪುಸ್ತಕದಲ್ಲಿ ಇದನ್ನು ಕೆಲವೇ ಸಾಲುಗಳಲ್ಲಿ ಮುಗಿಸಿದ್ದಾರೆ. ಅವರ ಉಪಾಯ ಸೊಗಸಾಗಿದೆ: ತಾರೀಖು ಯಾವ ಕ್ಯಾಲೆಂಡರಿನದೇ ಇರಲಿ, ಮೊದಲು ಅದನ್ನು ಕ್ರಿ.ಶ. 1ರ ಜನವರಿ 1ರಿಂದ ಎಣಿಸಿದ ದಿನಸಂಖ್ಯೆ ಮಾಡಿಕೊಳ್ಳುವುದು, ಆಮೇಲೆ ಬೇಕಾದ ಕ್ಯಾಲೆಂಡರಿಗೆ ಇಳಿಸುವುದು. ಅರ್ಮೇನಿಯದ ಶಕೆಯ ಮೊದಲ ದಿನದ ಸಂಖ್ಯೆ 201443.

ಈ ಸಂಖ್ಯೆಯನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟರೆ 552ರ ಜುಲೈ 13 ಎನ್ನುತ್ತದೆ. ಇತಿಹಾಸದ ಪುಸ್ತಕಗಳಲ್ಲಿರುವುದು ಜುಲೈ 11. ತಪ್ಪು ಯಾರದೂ ಅಲ್ಲ. ಇತಿಹಾಸದ ಪುಸ್ತಕಗಳದ್ದು ಜೂಲಿಯನ್ ತಾರೀಖು; ಪೈಥಾನ್ ಗ್ರೆಗೋರಿಯನ್ ಲೆಕ್ಕವನ್ನು ಅದು ಹುಟ್ಟುವುದಕ್ಕೂ ಸಾವಿರ ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಜಾವಾದ ಗ್ರೆಗೋರಿಯನ್‌ಕ್ಯಾಲೆಂಡರ್ ಕ್ಲಾಸು 1582ರ ಅಕ್ಟೋಬರಿಗಿಂತ ಹಿಂದಿನದನ್ನೆಲ್ಲ ತಾನಾಗಿಯೇ ಜೂಲಿಯನ್ನಿಗೆ ಹೊರಳಿಸುವುದರಿಂದ ಅಲ್ಲಿ ಜುಲೈ 11 ಬರುತ್ತದೆ. ಉತ್ತರದ ಪಕ್ಕದಲ್ಲಿ ಅದು ಯಾವ ಲೆಕ್ಕದ್ದು ಎಂದು ಬರೆಯದ ತಂತ್ರಾಂಶವನ್ನು ನಾನು ನಂಬುವುದಿಲ್ಲ.

ನನ್ನ ದೊಡ್ಡ ತಕರಾರು ಇದಲ್ಲ. ಈ ಪರಿವರ್ತನೆ ನಿಜವಾಗಿ ಬೇಕಾಗುವುದು ಹಳೆಯ ಹಸ್ತಪ್ರತಿ ಓದುವವರಿಗೆ. ಪ್ರತಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ಕಂಡ ಕಷ್ಟ ಎಲ್ಲವನ್ನೂ ಬರೆದಿಡುತ್ತಾನೆ. ಅರ್ಮೇನಿಯನ್ನರು ಇದನ್ನು ‘ಹಿಶಾತಕರಾನ್’ ಎನ್ನುತ್ತಾರೆ. ಅಲ್ಲಿ ಎಷ್ಟೋ ಸಲ ವರ್ಷ ಮಾತ್ರ ಇರುತ್ತದೆ, ಅದೂ ಅಕ್ಷರಗಳಲ್ಲಿ. 1115 ಎಂದರೆ ನಾಲ್ಕು ಅಕ್ಷರ: ಸಾವಿರಕ್ಕೊಂದು, ನೂರಕ್ಕೊಂದು, ಹತ್ತಕ್ಕೊಂದು, ಐದಕ್ಕೊಂದು. ಇದಕ್ಕೆ 551 ಕೂಡಿಸಿ 1666 ಎಂದುಬಿಡುವುದು ವಾಡಿಕೆ.

ಆದರೆ ವರ್ಷ 365 ದಿನಕ್ಕೇ ನಿಂತಿದ್ದರಿಂದ ವರ್ಷದ ಮೊದಲ ತಿಂಗಳಾದ ನವಸಾರ್ದಿನ ಮೊದಲ ದಿನ ನಾಲ್ಕು ವರ್ಷಕ್ಕೊಂದು ದಿನದಂತೆ ಹಿಂದೆ ಸರಿಯುತ್ತಲೇ ಬಂತು. 1320ರಲ್ಲಿ ಅದು ಜನವರಿ 1ನ್ನು ಮುಟ್ಟಿತು. 769ನೆಯ ವರ್ಷ ಆ ದಿನ ಹುಟ್ಟಿದರೆ, 770 ಅದೇ ವರ್ಷದ ಡಿಸೆಂಬರ್ 31ಕ್ಕೆ ಹುಟ್ಟಿತು. ಒಂದೇ ಜೂಲಿಯನ್ ವರ್ಷದಲ್ಲಿ ಎರಡು ಹೊಸವರ್ಷ! ಹೀಗೆ ಸರಿದು ಸರಿದು 1115ನೆಯ ವರ್ಷ ಜೂಲಿಯನ್ ಲೆಕ್ಕದಲ್ಲಿ 1665ರ ಅಕ್ಟೋಬರ್ 6ರಿಂದ 1666ರ ಅಕ್ಟೋಬರ್ 5ರವರೆಗೆ ಚಾಚಿಕೊಂಡಿದೆ. ತಿಂಗಳು, ದಿನದ ಖಾನೆಗಳು ಖಾಲಿಯಿದ್ದಾಗ ತಂತ್ರಾಂಶ ತಾನೇ 1, 1 ಎಂದು ತುಂಬಿಕೊಂಡು ‘1665 ಅಕ್ಟೋಬರ್ 16’ ಎಂಬ ಖಚಿತ ಗ್ರೆಗೋರಿಯನ್ ತಾರೀಖು ಕೊಟ್ಟರೆ ಅದು ಲಿಪಿಕಾರ ಬರೆಯದ ಮಾತು. ಸೂಚಿಯಲ್ಲಿ ಒಮ್ಮೆ ಸೇರಿಬಿಟ್ಟರೆ ಮುಂದಿನವರು ಅದನ್ನೇ ಸತ್ಯವೆಂದು ಎತ್ತಿ ಬರೆಯುತ್ತಾರೆ. ಕೊಡಬೇಕಾದದ್ದು ಅವಧಿ, ಒಂದು ದಿನವಲ್ಲ.

‘ಅರ್ಮೇನಿಯನ್’ ಎಂಬ ಒಂದೇ ಆಯ್ಕೆ ಇಡುವುದೂ ಸರಿಯಲ್ಲ. ಹನ್ನೊಂದನೆಯ ಶತಮಾನದಲ್ಲಿ ಹೊವ್ಹಾನೆಸ್ ಸರ್ಕವಾಗ್ ಎಂಬ ಪಂಡಿತ ಅಧಿಕ ದಿನ ಸೇರಿಸಿ ನವಸಾರ್ದನ್ನು ಆಗಸ್ಟ್ 11ಕ್ಕೆ ಕಟ್ಟಿಹಾಕಿದ. ಇಸ್ಫಹಾನಿನ ಜುಲ್ಫಾ ಬಡಾವಣೆಯ ಅರ್ಮೇನಿಯನ್ ವ್ಯಾಪಾರಿಗಳು ತಮ್ಮ ಕಾಗದಪತ್ರಗಳಲ್ಲಿ ಬಳಸಿದ್ದು ಅಜಾರಿಯಾ ಎಂಬವನ ಹೆಸರಿನ ಬೇರೊಂದು ಲೆಕ್ಕ. ಅದರ ಮೊದಲ ವರ್ಷ 1616, ವರ್ಷಾರಂಭ ಮಾರ್ಚ್ 21. ಅವರ ಜಾಲ ಮದ್ರಾಸು, ಕಲ್ಕತ್ತೆಗೂ ಹಬ್ಬಿತ್ತು. ಮದ್ರಾಸಿನಿಂದ ಹೊರಟ ಕಾಗದವೊಂದರಲ್ಲಿ 132 ಎಂದಿದ್ದರೆ ಅದು 1747ರ ಮಾರ್ಚಿನಲ್ಲಿ ಶುರುವಾದ ವರ್ಷ. 552ರಿಂದ ಎಣಿಸುವ ದೊಡ್ಡ ಶಕೆಯೊಂದನ್ನೇ ಬಲ್ಲ ತಂತ್ರಾಂಶ ಅದನ್ನು 683 ಎನ್ನುತ್ತದೆ, ಒಂದು ಎಚ್ಚರಿಕೆಯ ಮಾತನ್ನೂ ತೋರಿಸದೆ.