ಹಕ್ಕಿ ಹಾರುವ ದೂರ

ಮನುಷ್ಯರು ಸಮೀಪಿಸಿದಾಗ ಹಕ್ಕಿ ಎಷ್ಟು ದೂರದಲ್ಲಿರುವಾಗ ಹಾರುತ್ತದೆ ಎಂಬುದನ್ನು ಪಕ್ಷಿತಜ್ಞರು ಅಳೆದು ಬರೆದಿಡುತ್ತಾರೆ. ಜನಜೀವನ, ನಿಸರ್ಗ ಎಲ್ಲೆಲ್ಲಿ ಎಷ್ಟು ಹೊಂದಿಕೊಂಡಿವೆ ಎಂದು ತಿಳಿಯಲು ಸೂಚ್ಯಂಕಗಳು ಬೇಕಾದಷ್ಟಿವೆ. ನನಗೆ ರುಚಿಸುವುದು ಈ ಒಂದೇ ಅಳತೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಆ ದೂರ ಹೆಚ್ಚೆಂದರೆ ಒಂದು ಹುಣಸೆಮರದೆತ್ತರ. ಮೇಲೆ ಹೆಜ್ಜಾರ್ಲೆಯ ಗೂಡು, ಕೆಳಗೆ ಹಿತ್ತಲಲ್ಲಿ ಪಾತ್ರೆ ಬೆಳಗುವ ಹೆಂಗಸು. ಅವಳು ತಲೆಯೆತ್ತುವುದಿಲ್ಲ, ಅದು ಕತ್ತು ಬಗ್ಗಿಸುವುದಿಲ್ಲ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ದಾಟುವ ಹಕ್ಕಿ ತೆಳ್ಳನೆಯ ಕೊಂಬೆಗೆ ಇಳಿಯುವುದನ್ನು ನೋಡಬೇಕು. ಕಾಲು ಮುಂದೆ ಚಾಚಿ, ರೆಕ್ಕೆಯನ್ನು ಎದುರುಗಾಳಿಗೆ ಬಡಿಯುತ್ತದೆ. ಕೊಂಬೆ ಇನ್ನೇನು ಮುರಿಯಿತು ಎನ್ನುವಷ್ಟು ಬಾಗಿ, ಮತ್ತೆ ಏಳುತ್ತದೆ. ಮರಿಗೋ ಪುರುಸೊತ್ತಿಲ್ಲ, ತಾಯಿಯ ಗಂಟಲಚೀಲಕ್ಕೆ ತಲೆಯನ್ನೇ ತೂರಿಸಿ ಮೀನು ಹುಡುಕುತ್ತದೆ. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ಕಟಕಟಿಸುತ್ತವೆ. ಕೊಳೆತ ಮೀನಿನ ನಾತವೂ ಇದೆ. ಅದನ್ನು ಬಿಟ್ಟರೆ ಬೆಳ್ಳೂರಿನ ವರ್ಣನೆ ಸುಳ್ಳಾಗುತ್ತದೆ.

ಹುಣಸೆ ಹಣ್ಣಾಗುವ ಕಾಲವೇ ಗೂಡಿನ ಕಾಲ. ಹಿಕ್ಕೆ ಮೆತ್ತಿದ ಹಣ್ಣನ್ನು ಕೊಳ್ಳುವವರಾರು? ಗೂಡಿರುವ ಮರಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ನಿಜ. ಆದರೆ ಊರವರಿಗೆ ತಮ್ಮದೇ ಲೆಕ್ಕವೂ ಉಂಟು: ಮರದಡಿ ಗುಂಡಿ ತೋಡಿ, ಕೆರೆಗೋಡಿಗೆ ಹಿಕ್ಕೆ ಬೆರೆಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಪ್ಲೇಗಿಗೆ ಹೆದರಿ ಶಿಂಷಾ ದಡದ ಹಳೆಯ ಊರು ಬಿಟ್ಟಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದವು ಎನ್ನುತ್ತಾರೆ. ಇದಕ್ಕೆ ಪುರಾವೆ ಕೇಳುವ ಮನಸ್ಸು ನನಗಿಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗ ಹುಟ್ಟಿದ್ದು ಇಲ್ಲೇ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಇದೇ ಹೆಜ್ಜಾರ್ಲೆ ರಂಗನತಿಟ್ಟಿನಲ್ಲೂ ಇದೆ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗವದು. ದೋಣಿಯಲ್ಲಿ ಕೂತು ನೋಡಬೇಕು, ನಡುವೆ ಕಾವೇರಿಯೂ ಮೊಸಳೆಯೂ. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ದೂರ ಬೇರೆ, ನಂಟೂ ಬೇರೆ. ಹಕ್ಕಿ ಇರುವುದು ಕೆರೆಯೊಳಗಿನ ಮರಗಳಲ್ಲಿ, ಹಿಕ್ಕೆ ಕರಗಿದ ನೀರು ಹರಿಯುವುದು ಗದ್ದೆಗೆ. ಕೆರೆಯ ಮೇಲೆ ರೈತರಿಗಿರುವ ಹಕ್ಕನ್ನು ಕಲೆಕ್ಟರ್ ಲಯನೆಲ್ ಪ್ಲೇಸ್ 1798ರಲ್ಲೇ ಬರಹದಲ್ಲಿ ಒಪ್ಪಿದ್ದ. ಈ ಮೂರನ್ನೂ ಒಂದೇ ಕೋಷ್ಟಕಕ್ಕೆ ತುಂಬಿ ಸರಾಸರಿ ತೆಗೆದರೆ ಬೆಳ್ಳೂರಿನ ಹಿತ್ತಲು ಅದರಲ್ಲಿ ಎಲ್ಲಿ ಸಿಕ್ಕೀತು?

ಹಾಗೆಂದು ನನ್ನ ಅಳತೆಯೂ ಪೂರ್ತಿಯಲ್ಲ. 2017–18ರಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು, ಮೀನಿನಿಂದ ಬಂದಿರಬೇಕೆಂಬ ಗುಮಾನಿ. ಆ ಮೀನು ಸಿಗುವುದು ಊರಾಚೆಯ ಕೆರೆ, ನದಿಗಳಲ್ಲಿ. ಹುಣಸೆಮರದಡಿ ನಿಂತು ಅಳೆದರೆ ಅವು ಲೆಕ್ಕಕ್ಕೇ ಬರುವುದಿಲ್ಲ.